ಇಂದಿನ ಧಮ್ಮ ಚಿಂತನೆ: ಗೊತ್ತಿಲ್ಲದೆ ಆದ ತಪ್ಪಿಗೆ ಹೊಣೆ ಯಾರು?

ಕಳೆದ ಭಾನುವಾರ ಅರಸೀಕೆರೆಯ ನಮ್ಮ ಕೂಟದಲ್ಲಿ ಪಂಚಶೀಲದ ಪಾಠ ಮುಗಿದಿತ್ತು. ಜಾವಗಲ್ ಕಡೆಯಿಂದ ಬರುವ, ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಚೇತನವೇ ಕಮ್ಮ, ಅಂದ್ರೆ ಮನಸ್ಸಿನ ಉದ್ದೇಶವೇ ಕರ್ಮ ಅಂತ ಹೇಳಿದ್ರಿ. ಹಂಗಾದ್ರೆ ಉದ್ದೇಶ ಇಲ್ದೆ, ಗೊತ್ತಿಲ್ದೆ ಆದ ತಪ್ಪಿಗೆ ನಾವು ಹೊಣೆ ಅಲ್ವಾ?"

ಬಸ್ಸಿಗೆ ಹೊತ್ತಾಗಿತ್ತು. ಹಳೇಬೀಡು, ಬೇಲೂರು ಕಡೆಯವರು ಆಗಲೇ ಚೀಲ ಎತ್ತಿಕೊಂಡಿದ್ದರು. ನಾನು ಅವಸರದಲ್ಲಿ ಚಕ್ಖುಪಾಲ ಥೇರನ ಕಥೆ ಹೇಳಿದೆ. ಕಣ್ಣು ಕಳೆದುಕೊಂಡಿದ್ದ ಆ ಭಿಕ್ಖು ನಡೆಯುವಾಗ ಕಾಲಿಗೆ ಸಿಕ್ಕಿ ಹುಳುಗಳು ಸತ್ತವು. ಉಳಿದ ಭಿಕ್ಖುಗಳು ದೂರು ಹೇಳಿದಾಗ, ಕೊಲ್ಲುವ ಉದ್ದೇಶ ಇಲ್ಲದ್ದರಿಂದ ದೋಷವಿಲ್ಲ ಎಂದು ಬುದ್ಧ ಹೇಳಿದರು. "ಅಷ್ಟೇ ಕಣಮ್ಮ" ಎಂದು ಮುಗಿಸಿಬಿಟ್ಟೆ.

ಆ ಮಗು ಕೂತಿತು. ಆದರೆ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಮನೆಗೆ ಬಂದ ಮೇಲೆ ನನಗೂ ಸಮಾಧಾನ ಆಗಲಿಲ್ಲ. ಚಕ್ಖುಪಾಲನಿಗೆ ಕಣ್ಣಿರಲಿಲ್ಲ. ಕಣ್ಣಿದ್ದವರು ನೋಡದೆ ತುಳಿದರೆ ಏನು? ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಉತ್ತರ. ಉಳಿದ ಅರ್ಧವನ್ನು ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಇದಕ್ಕೆ ಎರಡು ವಿಮಾನ ಅಪಘಾತಗಳ ವಿಷಯ ಹೇಳಬೇಕು. ಎರಡೂ ನಮ್ಮ ಕರ್ನಾಟಕದಲ್ಲೇ ಆದವು. ಎರಡರಲ್ಲೂ ಯಾರಿಗೂ ಯಾರನ್ನೂ ಕೊಲ್ಲುವ ಉದ್ದೇಶ ಇರಲಿಲ್ಲ. ಎರಡರಿಂದ ಸತ್ತವರು 250 ಜನ.

*ಬೆಂಗಳೂರು, 1990*

1990ರ ಫೆಬ್ರವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವುದರಲ್ಲಿತ್ತು. ಮಧ್ಯಾಹ್ನ ಒಂದು ಗಂಟೆ ದಾಟಿದ ಹೊತ್ತು. ಆಕಾಶ ನಿಚ್ಚಳವಾಗಿತ್ತು. ವಿಮಾನ ಏರ್‌ಬಸ್ ಎ320, ಇಂಡಿಯನ್ ಏರ್‌ಲೈನ್ಸ್ ಸೇವೆಗೆ ಹಿಂದಿನ ವರ್ಷವಷ್ಟೇ ಬಂದ ಹೊಸ ಮಾದರಿ. ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಮುಗಿದಿರಲಿಲ್ಲ. ಮುಂದೆ ಕೂತಿದ್ದ ಇಬ್ಬರೂ ಅನುಭವಿ ಕ್ಯಾಪ್ಟನ್‌ಗಳು. ಒಬ್ಬರು ಓಡಿಸುತ್ತಿದ್ದರು, ಇನ್ನೊಬ್ಬರು ಅವರನ್ನು ಪರೀಕ್ಷಿಸಲು ಪಕ್ಕದಲ್ಲಿದ್ದರು.

ಆ ವಿಮಾನದಲ್ಲಿ ಎಂಜಿನ್ನಿನ ಬಲವನ್ನು ತಾನೇ ಹೊಂದಿಸಿಕೊಳ್ಳುವ ಆಟೋಥ್ರಸ್ಟ್ ಎಂಬ ವ್ಯವಸ್ಥೆ ಇದೆ. ಪೈಲಟ್ ಯಾವ ಮೋಡ್ ಕೊಡುತ್ತಾರೋ ಅದರ ಪ್ರಕಾರ ಅದು ಕೆಲಸ ಮಾಡುತ್ತದೆ. ಒಂದು ಮೋಡ್‌ನಲ್ಲಿ ವೇಗ ಕಡಿಮೆಯಾದರೆ ತಾನೇ ಎಂಜಿನ್ ಏರಿಸುತ್ತದೆ. ಇನ್ನೊಂದು ಮೋಡ್‌ನಲ್ಲಿ ಎಂಜಿನ್ನನ್ನು ಪೂರ್ತಿ ಇಳಿಸಿಟ್ಟು ವಿಮಾನವನ್ನು ಕೆಳಗೆ ಜಾರಲು ಬಿಡುತ್ತದೆ. ಅಂದು ಇದ್ದದ್ದು ಆ ಎರಡನೆಯ ಮೋಡ್. ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಒಂದು ಗುಂಡಿ ತಿರುಗಿಸಬೇಕಿತ್ತು. ಅದರ ಬದಲು ಎತ್ತರದ ಗುಂಡಿಯಲ್ಲಿ 700 ಅಡಿ ಎಂದು ತಿರುಗಿಸಿರುವ ಸಾಧ್ಯತೆಯೇ ಹೆಚ್ಚು ಎಂದು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವರದಿ ಹೇಳಿತು.

ಇನ್ನೊಂದು ವಿಷಯ ಗಮನಿಸಿ. ಹಳೆಯ ವಿಮಾನಗಳಲ್ಲಿ ಯಂತ್ರ ಎಂಜಿನ್ ಇಳಿಸಿದರೆ ಕೈಯ ಕೆಳಗಿನ ಲಿವರ್ ಕೂಡ ಹಿಂದಕ್ಕೆ ಸರಿಯುತ್ತಿತ್ತು. ಕಣ್ಣು ಎಲ್ಲೋ ಇದ್ದರೂ ಕೈಗೆ ಗೊತ್ತಾಗುತ್ತಿತ್ತು. ಎ320ರಲ್ಲಿ ಆಟೋಥ್ರಸ್ಟ್ ಕೆಲಸ ಮಾಡುವಾಗ ಲಿವರ್ ಅಲುಗುವುದಿಲ್ಲ. ಕೈಯ ಕೆಳಗೆ ಎಲ್ಲ ಹಾಗೇ ಇರುತ್ತದೆ, ಒಳಗೆ ಎಂಜಿನ್ ಇಳಿದಿರುತ್ತದೆ.

ಇರಬೇಕಾದ ವೇಗ 132 ನಾಟ್. ಅದು ಇಳಿಯುತ್ತಾ ಇಳಿಯುತ್ತಾ 106ಕ್ಕೆ ಬಂತು. ಎತ್ತರವನ್ನು ಯಂತ್ರದ ದನಿ ಕೂಗಿ ಹೇಳುತ್ತಲೇ ಇತ್ತು. ಇಷ್ಟೆಲ್ಲದರ ನಡುವೆ ನನ್ನ ಮನಸ್ಸಿಗೆ ನಾಟಿದ ಒಂದು ಸಂಗತಿ ಇದೆ. ಪಕ್ಕದ ಕ್ಯಾಪ್ಟನ್, ನೆಲಕ್ಕೆ ಬಡಿಯಲು ಅರ್ಧ ನಿಮಿಷವೂ ಇಲ್ಲದಾಗ, ನೀವು ಐಡಲ್ ಓಪನ್ ಡಿಸೆಂಟ್‌ನಲ್ಲೇ ಇಳಿಯುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿದ್ದರು. ಆ ಮೋಡ್‌ನ ಹೆಸರನ್ನೇ ಹೇಳಿದ್ದರು. ಅದರಿಂದ ಹೊರಬರಲು ಇಬ್ಬರ ಕಡೆಯ ಸ್ವಿಚ್ಚೂ ಆಫ್ ಆಗಬೇಕಿತ್ತು. ಒಬ್ಬರದು ಆಫ್ ಆಗಿತ್ತು, ಇನ್ನೊಬ್ಬರದು ಆಗಿರಲಿಲ್ಲ. ಅದರ ಮಾತೂ ಆಯಿತು. ಕೈ ಮಾತ್ರ ಲಿವರನ್ನು ಮುಂದೆ ತಳ್ಳಲಿಲ್ಲ. ತಳ್ಳುವ ಹೊತ್ತಿಗೆ ನೆಲ ಬಂದಿತ್ತು. ಜೆಟ್ ಎಂಜಿನ್ ಲೈಟಿನ ಸ್ವಿಚ್ ಅಲ್ಲ, ಬಲ ಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ರನ್‌ವೇಗೆ ಮುಂಚೆಯೇ, ಗಾಲ್ಫ್ ಮೈದಾನದಲ್ಲಿ ವಿಮಾನ ನೆಲಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು.

ಅವರಿಬ್ಬರೂ ನಿದ್ದೆ ಮಾಡುತ್ತಿರಲಿಲ್ಲ. ಕುಡಿದಿರಲಿಲ್ಲ. ದಡ್ಡರಲ್ಲ. ಏನು ನಡೆಯುತ್ತಿದೆ ಎಂಬುದು ಬಾಯಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಪರಿಸ್ಥಿತಿಯ ಗಂಭೀರತೆ ಅವರ ಅರಿವಿಗೆ ಬರಲಿಲ್ಲ ಎಂದೇ ವರದಿ ಹೇಳಿತು.

*ಐದನೇ ಶೀಲದ ಒಳಗಿನ ಪದ*

ಬಂಧುಗಳೇ, ಇದಕ್ಕೆ ಪಾಲಿಯಲ್ಲಿ ಒಂದು ಹೆಸರಿದೆ: ಪಮಾದ. ಮೈಮರೆವು, ಅಜಾಗ್ರತೆ. ನಾವು ಪ್ರತಿ ಭಾನುವಾರ ಹೇಳುವ ಐದನೇ ಶೀಲದಲ್ಲೇ ಈ ಪದ ಇದೆ. ಆ ಶೀಲವನ್ನು ನಾವು "ಕುಡಿಯಬಾರದು" ಎಂದಷ್ಟೇ ತಿಳಿದು, ಕುಡಿಯದವರು ಪಾಸಾದೆವು ಎಂದುಕೊಳ್ಳುತ್ತೇವೆ. ಆದರೆ ಮದ್ಯ ಯಾಕೆ ಬೇಡ ಎಂಬ ಕಾರಣವೂ ಆ ಶೀಲದೊಳಗೇ ಇದೆ, ಅದು ಪಮಾದಕ್ಕೆ ನೆಲೆ ಆಗುತ್ತದೆ ಎಂದು. ಹೆಂಡ ಪಮಾದಕ್ಕೆ ಒಂದು ಬಾಗಿಲು. ಅಭ್ಯಾಸ ಇನ್ನೊಂದು ಬಾಗಿಲು. ಅನುಭವ, ಹಿರಿತನ, "ನನಗೆ ಗೊತ್ತು" ಎಂಬುದು ಮತ್ತೊಂದು. ಧಮ್ಮಪದದ ಎರಡನೇ ವಗ್ಗ ಇಡೀ ಅಪ್ಪಮಾದದ ಮೇಲೇ ಇದೆ. ಮಹಾಪರಿನಿಬ್ಬಾಣದ ಹೊತ್ತಿನಲ್ಲಿ ಬುದ್ಧರು ಕೊಟ್ಟ ಕೊನೆಯ ಬುದ್ಧಿಮಾತೂ ಅಪ್ಪಮಾದದ್ದೇ.

ಅಭ್ಯಾಸವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು ಮುದ್ದೆ ಕಟ್ಟುವಾಗ ಲೆಕ್ಕ ಹಾಕಿ ಕಟ್ಟುವುದಿಲ್ಲ, ಕೈಗೆ ಗೊತ್ತಿರುತ್ತದೆ. ಕೈಗೆ ಗೊತ್ತಿರುವುದರಿಂದಲೇ ಅವರಿಗೆ ಮಕ್ಕಳ ಕಡೆ ನೋಡಲು ಬಿಡುವು. ವಿಮಾನದ ಯಂತ್ರಗಳೂ ಹಾಗೇ. ಅವು ಬಂದ ಮೇಲೆ ಹಾರಾಟ ಹೆಚ್ಚು ಸುರಕ್ಷಿತವಾಯಿತು. ಯಂತ್ರಕ್ಕೋ ಅಭ್ಯಾಸಕ್ಕೋ ಕೆಲಸ ಒಪ್ಪಿಸುವುದು ತಪ್ಪಲ್ಲ. ಒಪ್ಪಿಸಿದ್ದೇವೆ ಎಂಬುದನ್ನೇ ಮರೆತರೆ ಅಲ್ಲಿಂದ ಅಪಾಯ ಶುರು.

*ಬಾಬಾಸಾಹೇಬರು ತೋರಿಸಿದ ವ್ಯತ್ಯಾಸ*

1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ನಿಯಮ ಮತ್ತು ತತ್ವ ಎಂದು ಎರಡನ್ನು ಬೇರೆ ಮಾಡುತ್ತಾರೆ. ನಿಯಮ ಹೀಗೆ ಮಾಡು ಎಂದು ಹೇಳಿಬಿಡುತ್ತದೆ, ಮಾಡುವವನು ಯೋಚಿಸಬೇಕಿಲ್ಲ. ತತ್ವ ಹಾಗಲ್ಲ. ಅದು ತೂಗಿ ನೋಡುವ ತಕ್ಕಡಿ ಕೊಡುತ್ತದೆ, ತೂಗುವ ಕೆಲಸ ನಮ್ಮದೇ. ನಿಯಮವನ್ನು ಪಾಲಿಸಿದವನು ಅದರ ಫಲಕ್ಕೆ ಹೊಣೆ ಹೊರುವುದಿಲ್ಲ, ತತ್ವದ ಮೇಲೆ ನಡೆದವನು ತಪ್ಪು ಮಾಡಿದರೂ ಹೊಣೆ ಹೊರುತ್ತಾನೆ. ಧರ್ಮ ಎಂಬುದು ಹೊಣೆಗಾರಿಕೆಯ ಕೆಲಸ ಆಗಬೇಕಾದರೆ ಅದು ತತ್ವದ ಮೇಲೆ ನಿಲ್ಲಬೇಕು, ನಿಯಮಗಳ ಗಂಟಾದರೆ ಅದು ಧರ್ಮವಾಗಿ ಉಳಿಯುವುದಿಲ್ಲ ಎಂಬುದು ಅವರ ವಾದ.

ಜಾತಿ ನಡೆಯುವುದು ಹೀಗೇ ಅಲ್ಲವೇ? ಹಿಂದೆ ಮೇಲುಕೋಟೆ, ಬೇಲೂರಿನಂಥ ದೇವಸ್ಥಾನಗಳಲ್ಲಿ ನಮ್ಮವರನ್ನು ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ ಒಳಗೆ ಬಿಡುತ್ತಿದ್ದರು ಎಂದು ಬ್ರಿಟಿಷರ ಕಾಲದ ಬರಹಗಳಲ್ಲಿದೆ. ಉಳಿದ ದಿನ ತಡೆದು ನಿಲ್ಲಿಸಿದವನನ್ನು ಕೇಳಿದ್ದರೆ "ಪದ್ಧತಿ" ಎನ್ನುತ್ತಿದ್ದ. ಅವನಪ್ಪನನ್ನು ಕೇಳಿದ್ದರೂ ಅದೇ ಮಾತು. ಗುಂಡಿ ತಿರುಗಿಸಿದ ಕೈ ಯಾವುದೋ ಕಾಲದ್ದು. ಆಮೇಲೆ ಬಂದವರು ಯಾರೂ ತಾವು ಏನೋ ಮಾಡುತ್ತಿದ್ದೇವೆ ಎಂದುಕೊಳ್ಳಲೇ ಇಲ್ಲ. ಇವತ್ತು ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನೂ "ನನಗೇನೂ ದ್ವೇಷ ಇಲ್ಲಪ್ಪ" ಎನ್ನುತ್ತಾನೆ. ಇರಲಿಕ್ಕಿಲ್ಲ. ಉದ್ದೇಶವೇ ಇಲ್ಲದೆ ಅನ್ಯಾಯ ನಡೆಸಿಕೊಂಡು ಹೋಗುವ ಮೋಡ್ ಅದು. ಲಿವರ್ ಅಲುಗುವುದಿಲ್ಲ, ಕೈಗೆ ಏನೂ ಗೊತ್ತಾಗುವುದಿಲ್ಲ, ಕೆಳಗಿದ್ದವರು ಮಾತ್ರ ಸಾಯುತ್ತಾರೆ.

ಅವರ ವಿಷಯ ಹೇಳುವುದು ಸುಲಭ. ನಮ್ಮ ವಿಷಯ ಏನು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾವು ಹೇಳುತ್ತೇವೆ. ಚೆನ್ನಾಗಿಯೇ ಹೇಳುತ್ತೇವೆ, ಒಂದೂ ತಪ್ಪುವುದಿಲ್ಲ. ಆದರೆ ಆ ಕ್ಯಾಪ್ಟನ್ ಕೂಡ ಮೋಡ್‌ನ ಹೆಸರನ್ನು ತಪ್ಪಿಲ್ಲದೆ ಹೇಳಿದ್ದರು.

*ಮಂಗಳೂರು, 2010*

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2010ರ ಮೇ 22, ಬೆಳಗಿನ ಜಾವ. ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳವರು, ಗಲ್ಫ್‌ನಲ್ಲಿ ದುಡಿದು ಊರಿಗೆ ಬರುತ್ತಿದ್ದವರು ಅದರಲ್ಲಿದ್ದರು. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ. ಮುಂದಕ್ಕೆ ಹೋದರೆ ಕಣಿವೆ.

ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ವಿಚಾರಣಾ ವರದಿಯ ಪ್ರಕಾರ ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಮೀರಿ ನಿದ್ದೆ ಮಾಡಿದ್ದರು. ಎದ್ದ ಮೇಲೂ ನಿದ್ದೆಯ ಮಂಪರು ಬಿಟ್ಟಿರಲಿಲ್ಲ. ಇಳಿಯಲು ಶುರು ಮಾಡಿದ್ದು ತಡವಾಯಿತು. ನಿಲ್ದಾಣದ ರಾಡಾರ್ ಆಗ ಕೆಲಸ ಮಾಡುತ್ತಿರಲಿಲ್ಲ, ಅದೂ ಒಂದು ಕಾರಣವಾಯಿತು. ರನ್‌ವೇ ಎದುರಿಗೆ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಇಂಥ ಹೊತ್ತಿಗೆ ಪೈಲಟ್‌ಗಳಿಗೆ ಒಂದು ಸರಳ ಉಪಾಯ ಕಲಿಸಿರುತ್ತಾರೆ: ಗೋ ಅರೌಂಡ್. ಇಳಿಯುವುದು ಬಿಟ್ಟು ಮತ್ತೆ ಮೇಲೆದ್ದು, ಒಂದು ಸುತ್ತು ಹಾಕಿ ಬರುವುದು. ಅದರಲ್ಲಿ ಅವಮಾನ ಏನೂ ಇಲ್ಲ. ಹತ್ತಿಪ್ಪತ್ತು ನಿಮಿಷ ತಡ, ಅಷ್ಟೇ.

ಪಕ್ಕದಲ್ಲಿದ್ದ ಸಹ ಪೈಲಟ್ "ಗೋ ಅರೌಂಡ್" ಎಂದು ಮೂರು ಸಲ ಹೇಳಿದರು. ಯಂತ್ರದ ಎಚ್ಚರಿಕೆಯ ದನಿಯೂ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ. ಸಹ ಪೈಲಟ್ ತಾನೇ ಹಿಡಿತ ತೆಗೆದುಕೊಳ್ಳಲೂ ಇಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಬ್ರೇಕ್ ಹಾಕಿ ನಿಲ್ಲಿಸಲು ಹೊರಟು, ಮಧ್ಯದಲ್ಲಿ ಮತ್ತೆ ಮೇಲೇಳಲು ನೋಡಿದರು. ಎರಡೂ ಆಗಲಿಲ್ಲ. ವಿಮಾನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 8 ಜನ ಬದುಕಿದರು. 158 ಜನ ಸತ್ತರು, ಕ್ಯಾಪ್ಟನ್ ಮತ್ತು ಸಹ ಪೈಲಟ್ ಸೇರಿ.

ಬೆಂಗಳೂರಿನಲ್ಲಿ ಮಾತು ಬಂತು, ಅದರ ತೂಕ ಇಬ್ಬರಿಗೂ ತಿಳಿಯಲಿಲ್ಲ. ಮಂಗಳೂರಿನಲ್ಲಿ ಒಬ್ಬರಿಗೆ ತಿಳಿಯಿತು. ಆದರೆ ತಿಳಿದವರು ಕಿರಿಯರು, ಕೇಳಬೇಕಾದವರು ಹಿರಿಯರು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆ ನೆನಪಿಸಿಕೊಳ್ಳಿ. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಕಾಲ ಬುಡದಲ್ಲಿ ನಮ್ಮ ಸ್ವಾತಂತ್ರ್ಯ ಇಡಬಾರದು, ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದರು. ಅದು ದೇಶಕ್ಕೆ ಹೇಳಿದ ಮಾತು. ಇಬ್ಬರು ಕೂರುವ ಆ ಸಣ್ಣ ಕೋಣೆಗೂ ಅದು ಸಲ್ಲುತ್ತದೆ. ಶಾಲೆಯ ಸ್ಟಾಫ್ ರೂಮಿಗೂ ಸಲ್ಲುತ್ತದೆ. ಅದನ್ನು ನಾನು ತಡವಾಗಿ ಕಲಿತೆ.

*ನನ್ನ ಮೂರು ಸಲ*

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಮ್ಮದೇ ಕೇರಿಗಳ ಮಗು. ಬೋರ್ಡ್ ನೋಡಿ ಬರೆ ಎಂದರೆ ಪಕ್ಕದವಳ ಪುಸ್ತಕ ನೋಡುತ್ತಿದ್ದಳು. ಓದು ಎಂದರೆ ತಲೆ ತಗ್ಗಿಸುತ್ತಿದ್ದಳು. ಆ ವರ್ಷ ಹೊಸದಾಗಿ ಬಂದಿದ್ದ ಅತಿಥಿ ಶಿಕ್ಷಕಿ, ನನಗಿಂತ ತುಂಬಾ ಚಿಕ್ಕವರು, ಜುಲೈನಲ್ಲಿ ಹೇಳಿದರು: "ಸಾರ್, ಆ ಮಗೂಗೆ ಬೋರ್ಡ್ ಕಾಣ್ತಿಲ್ಲ ಅನ್ಸುತ್ತೆ." ನಾನು "ನೋಡೋಣ ಬಿಡಿ ಮೇಡಂ" ಎಂದೆ. ದಸರಾ ರಜೆ ಕಳೆದ ಮೇಲೆ ಮತ್ತೆ ಹೇಳಿದರು. "ಹೂಂ, ನೋಡೋಣ." ಮೂರನೇ ಸಲ ಎಲ್ಲರ ಎದುರಿಗೆ ಹೇಳಿದಾಗ ನನಗೆ ಸಿಟ್ಟು ಬಂತು. "ನಾನು ಇಷ್ಟು ವರ್ಷದಿಂದ ಮಕ್ಕಳನ್ನ ನೋಡ್ತಿದೀನಿ ಮೇಡಂ. ಓದೋ ಮಕ್ಕಳು ಯಾರು ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ." ಅವರು ಸುಮ್ಮನಾದರು. ನಾಲ್ಕನೇ ಸಲ ಹೇಳಲಿಲ್ಲ.

ಸಂಕ್ರಾಂತಿ ಆದ ಮೇಲೆ ಹುಡುಗಿ ಬರುವುದು ನಿಂತಿತು. ನಾನು ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತಾ ಹೋದೆ. ಹದಿನೈದು ದಿನ ಆದ ಮೇಲೆ ಆ ಮೇಡಂ ಒಬ್ಬರೇ ಹೊರಟಿದ್ದನ್ನು ನೋಡಿ ನಾನೂ ಜೊತೆಗೆ ಹೋದೆ. ಹುಡುಗಿ ಕೂಲಿಗೆ ಹೋಗಿದ್ದಳು. ಅವಳ ತಾಯಿ ಜಗಳ ಮಾಡಲಿಲ್ಲ. ಒಳಗಿನಿಂದ ಪ್ರಗತಿ ಪತ್ರ ತಂದು ತೋರಿಸಿ ಕೇಳಿದರು: "ಓದಿನಲ್ಲಿ ಆಸಕ್ತಿ ಇಲ್ಲ ಅಂತ ನೀವೇ ಅಲ್ವಾ ಸಾರ್ ಬರೆದಿದ್ದು?"

ನನ್ನದೇ ಅಕ್ಷರ. ಆ ವಾಕ್ಯವನ್ನು ಎಷ್ಟು ಮಕ್ಕಳ ಪತ್ರದಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವಾಗ ಮಗುವಿನ ಮುಖ ಕೂಡ ನೆನಪಿಗೆ ಬರುತ್ತಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಕನ್ನಡಕ ಬಂತು. ಹೊರಗೆ ಬಂದವಳು ರಸ್ತೆ ಆಚೆ ನಿಂತಿದ್ದ ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೇಡಂ ಅವಳ ಕೈ ಹಿಡಿದುಕೊಂಡಿದ್ದರು. ನಾನು ಪಕ್ಕಕ್ಕೆ ತಿರುಗಿ ನಿಂತೆ. ಅವಳು ಶಾಲೆಗೆ ವಾಪಸ್ ಬಂದಳು. ಆದರೆ ಆ ವರ್ಷದ ಪಾಠ ಅವಳಿಗೆ ಮತ್ತೆ ಸಿಗಲಿಲ್ಲ, ಅದಕ್ಕೂ ಹಿಂದಿನ ವರ್ಷಗಳದ್ದೂ ಸಿಗಲಿಲ್ಲ.

ಬಂಧುಗಳೇ, ನನಗೆ ಆ ಮಗುವಿನ ಮೇಲೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅದೇ ತಿಂಗಳುಗಳಲ್ಲಿ ನಾನು ಭಾನುವಾರದ ಕೂಟದಲ್ಲಿ ಅಪ್ಪಮಾದ ವಗ್ಗ ವಿವರಿಸುತ್ತಿದ್ದೆ. ಇನ್ನೂ ನೋವಿನ ವಿಷಯ ಹೇಳುತ್ತೇನೆ. "ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂಬ ಆ ಮಾತು ನನ್ನದಲ್ಲ. ನಾನು ಹುಡುಗನಾಗಿದ್ದಾಗ ಒಬ್ಬ ಮೇಷ್ಟ್ರು ನನ್ನ ಮುಖ ನೋಡಿ ಆಡಿದ ಮಾತು ಅದು. ಯಾರೋ ನನ್ನ ಮೇಲೆ ಒತ್ತಿದ ಗುಂಡಿ ನನ್ನೊಳಗೆ ಹಾಗೇ ಉಳಿದಿತ್ತು. ಎಂಎ ಓದಿದೆ, ಧಮ್ಮ ದೀಕ್ಷೆ ತೆಗೆದುಕೊಂಡೆ, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದೆ. ಅದು ಮಾತ್ರ ಆಫ್ ಆಗಿರಲಿಲ್ಲ. ನಮ್ಮದೇ ಮಗುವಿನ ಮೇಲೆ ಕೆಲಸ ಮಾಡಿತು.

*ಹಾಗಾದರೆ ಹೊಣೆ ಯಾರು?*

ಅಪಘಾತ ಆದಾಗ ಪತ್ರಿಕೆಗಳು "ಪೈಲಟ್ ತಪ್ಪು" ಎಂದು ಬರೆದು ಮುಗಿಸುತ್ತವೆ. ಇದು ನ್ಯಾಯವೇ? ಪಟಿಚ್ಚ ಸಮುಪ್ಪಾದ ಓದಿದ ನಾವು ಹಾಗೆ ಹೇಳಲಾಗದು. ಒಂದು ಆಗಲು ಹಲವು ಕಾರಣಗಳು ಕೂಡಬೇಕು. ಅಲುಗದ ಲಿವರ್, ಹೊಸ ಯಂತ್ರ, ಕೆಟ್ಟ ರಾಡಾರ್, ರಾತ್ರಿಯ ದಣಿವು, ಹಿರಿಯರಿಗೆ ಎದುರಾಡದ ಸಂಸ್ಕಾರ, ಎಲ್ಲವೂ ಸೇರಿದವು. ಸತ್ತವರ ಮೇಲೆ ಎಲ್ಲ ಹೊರೆ ಹಾಕಿದರೆ ಉಳಿದ ಕಾರಣಗಳು ಹಾಗೇ ಉಳಿದು ಇನ್ನೊಂದು ವಿಮಾನ ಬೀಳುತ್ತದೆ. ಆದರೆ "ಎಲ್ಲರದೂ ತಪ್ಪು" ಎಂದು ಹೇಳಿ ಯಾರದೂ ಅಲ್ಲ ಎಂದು ಮಾಡುವುದೂ ಮೋಸವೇ. ಜಾತಿಯ ವಿಷಯದಲ್ಲಿ ಆ ಮೋಸವನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ನನ್ನ ಉತ್ತರ ಇದು. ಚೇತನವೇ ಕಮ್ಮ ಎಂಬುದು ನಿಜ. ಆದರೆ ಚೇತನವನ್ನು ಎಲ್ಲಿ ಹುಡುಕಬೇಕು? ಹುಡುಗಿಯ ಓದು ಕೆಡಿಸುವ ಚೇತನ ನನ್ನಲ್ಲಿ ಇರಲಿಲ್ಲ. "ನೋಡೋಣ ಬಿಡಿ" ಎನ್ನುವ ಚೇತನ ಇತ್ತು. ಮೂರು ಸಲ ಇತ್ತು. ಯಾರೋ ಎಚ್ಚರಿಸಿದಾಗ ಅದನ್ನು ಪಕ್ಕಕ್ಕೆ ತಳ್ಳುವ ಆ ಒಂದು ಕ್ಷಣ, ಅದು ಗೊತ್ತಿಲ್ಲದೆ ಆಗುವುದಲ್ಲ. ನಾವೇ ಮಾಡುವುದು. ಚಕ್ಖುಪಾಲನಿಗೆ ಮೂರು ಸಲ ಯಾರೂ "ಕಾಲ ಕೆಳಗೆ ಹುಳು ಇದೆ" ಎಂದು ಹೇಳಿರಲಿಲ್ಲ. ನನಗೆ ಹೇಳಿದ್ದರು. ಹಾನಿಯ ಉದ್ದೇಶ ಇಲ್ಲದಿದ್ದರೂ ನೋಡದಿರುವ ಉದ್ದೇಶ ಇರಬಹುದು. ಅದಕ್ಕೆ ನಾವು ಹೊಣೆ.

*ಒಬ್ಬರಿಂದ ಆಗದ ಕೆಲಸ*

ಎಚ್ಚರವಾಗಿರಿ ಎಂದು ಉಪದೇಶ ಮಾಡಿದರೆ ಮುಗಿಯಿತೇ? ನಮ್ಮ ಕೂಟದಲ್ಲಿ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅರಸೀಕೆರೆ ಜಂಕ್ಷನ್ ಊರಲ್ಲವೇ, ಅಂಥವರು ಮನೆಗೊಬ್ಬರು ಸಿಗುತ್ತಾರೆ. ಅವರನ್ನು ಕೇಳಿದೆ. "ಮೇಷ್ಟ್ರೇ, ಸಿಗ್ನಲ್ ಲೋಕೋ ಪೈಲಟ್‌ಗೂ ಕಾಣುತ್ತೆ, ಅಸಿಸ್ಟೆಂಟ್‌ಗೂ ಕಾಣುತ್ತೆ. ಆದ್ರೂ ಇಬ್ರೂ ಬಾಯಿಬಿಟ್ಟು ಕೂಗಿ ಹೇಳಲೇಬೇಕು. ಸುಮಾರು ಒಂದು ನಿಮಿಷ ಡ್ರೈವರ್ ಏನೂ ಮುಟ್ಟದಿದ್ರೆ ಎಂಜಿನ್ನಲ್ಲಿ ಲೈಟು ಹತ್ತಿ, ಬಜರ್ ಹೊಡೆದು, ಆಮೇಲೆ ತಾನೇ ಬ್ರೇಕ್ ಬೀಳುತ್ತೆ. ಆದ್ರೆ ಒಂದು ಮಾತು. ಆ ಗುಂಡಿ ಒತ್ತೋದೂ ಅಭ್ಯಾಸ ಆಗಿಬಿಡುತ್ತೆ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬ ಬೇಕು. ಅವನಿಗೆ ಬಾಯಿ ಇರಬೇಕು."

ಅವನಿಗೆ ಬಾಯಿ ಇರಬೇಕು. ವಿಮಾನದವರೂ ಇದನ್ನೇ ಕಲಿತದ್ದು. 1977ರಲ್ಲಿ ಟೆನೆರೀಫ್ ದ್ವೀಪದಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲೂ ಕೈಕೆಳಗಿನವರೊಬ್ಬರು ಸಂಶಯದ ಪ್ರಶ್ನೆ ಕೇಳಿದ್ದರು, ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ್ದರು. ಆಮೇಲಿನ ವರ್ಷಗಳಲ್ಲಿ ಪೈಲಟ್‌ಗಳಿಗೆ ಹೊಸ ತರಬೇತಿ ಬಂತು: ಕಿರಿಯರು ಗಟ್ಟಿಯಾಗಿ ಹೇಳುವುದನ್ನು ಕಲಿಯಬೇಕು, ಹಿರಿಯರು ಕೇಳುವುದನ್ನು ಕಲಿಯಬೇಕು.

ನಮ್ಮ ಪರಂಪರೆಯಲ್ಲಿ ಇದು ಎರಡೂವರೆ ಸಾವಿರ ವರ್ಷದಿಂದ ಇದೆ. ವಸ್ಸಾವಾಸ ಮುಗಿದ ದಿನ ಭಿಕ್ಖುಗಳು ಪವಾರಣಾ ಮಾಡುತ್ತಾರೆ. ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೂ ಸರಿ, ಕರುಣೆಯಿಟ್ಟು ಹೇಳಿ ಎಂದು ಒಬ್ಬೊಬ್ಬರೂ ಸಂಘವನ್ನು ಬೇಡಿಕೊಳ್ಳುತ್ತಾರೆ. ಶುರು ಮಾಡುವವರು ಎಲ್ಲರಿಗಿಂತ ಹಿರಿಯರು. ಒಂದು ಪವಾರಣೆಯಲ್ಲಿ ಸ್ವತಃ ಬುದ್ಧರೇ ತಮ್ಮ ನಡೆ ನುಡಿಯಲ್ಲಿ ದೋಷ ಕಂಡಿದ್ದರೆ ಹೇಳಿ ಎಂದು ಭಿಕ್ಖುಗಳನ್ನು ಕೇಳಿದರು ಎಂದು ಸಂಯುತ್ತ ನಿಕಾಯದಲ್ಲಿದೆ. ಬುದ್ಧರೇ ಕೇಳಿದ ಮೇಲೆ ನಾವು ಯಾವ ಲೆಕ್ಕ?

ಮಗ ರಾಹುಲನಿಗೆ ಬುದ್ಧರು ಹೇಳಿದ ಬುದ್ಧಿಮಾತೂ ಇಲ್ಲಿ ಸೇರುತ್ತದೆ. ಕೆಲಸಕ್ಕೆ ಮುಂಚೆ ಯೋಚಿಸು, ಮಾಡುವಾಗ ಯೋಚಿಸು, ಮಾಡಿದ ಮೇಲೆ ಯೋಚಿಸು. ಮಾಡುವಾಗ ಅದು ಕೇಡು ತರುತ್ತಿದೆ ಎಂದು ಕಂಡರೆ ಅಲ್ಲಿಗೇ ಬಿಡು. ಮಧ್ಯದಲ್ಲಿ ಬಿಡುವುದು, ಅದೇ ಕಷ್ಟ. ಶುರು ಮಾಡಿದ ಮೇಲೆ ಹಿಂದಕ್ಕೆ ಬರುವುದು ನಮಗೆ ಸೋಲಿನಂತೆ ಕಾಣುತ್ತದೆ. ಮಂಗಳೂರಿನಲ್ಲಿ ಬೇಕಾಗಿದ್ದು ಅದೊಂದೇ, ಇನ್ನೊಂದು ಸುತ್ತು.

ಆದ್ದರಿಂದ ನನ್ನ ಒಂದು ಬೇಡಿಕೆ. ಬರುವ ಭಾನುವಾರದ ಕೂಟದಲ್ಲಿ ಎಂದಿನಂತೆ ಹಿರಿಯರಿಂದ ಮಾತು ಶುರುವಾಗುವುದು ಬೇಡ. ಅಲ್ಲಿ ಇರುವವರಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಲಿ. ನಮ್ಮ ಕೂಟ ಎಲ್ಲಿ ಅಭ್ಯಾಸಬಲದಿಂದ ನಡೆಯುತ್ತಿದೆ, ನಾವು ಹಿರಿಯರು ಎಲ್ಲಿ ಕೇಳಿಸಿಕೊಳ್ಳುತ್ತಿಲ್ಲ, ಅದನ್ನು ಅವರು ಹೇಳಲಿ. ನಾವು ನಡುವೆ ಬಾಯಿ ಹಾಕದೆ, "ನಿಮಗೆ ಗೊತ್ತಿಲ್ಲ" ಎನ್ನದೆ ಕೇಳೋಣ. ಮನೆಯಲ್ಲೂ ಒಂದು ಸಲ ಮಾಡಿ ನೋಡಿ. ಹೆಂಡತಿ, ಮಕ್ಕಳು, ಸೊಸೆ ಯಾವ ಮಾತನ್ನು ಎರಡು ಸಲ ಹೇಳಿ ಮೂರನೇ ಸಲ ಬಿಟ್ಟುಬಿಟ್ಟಿದ್ದಾರೆ ಎಂದು ಕೇಳಿ.

ಜಾವಗಲ್ ಕಡೆಯಿಂದ ಬರುವ ಆ ಮಗಳಿಗೆ: ಅಮ್ಮಾ, ಅವತ್ತು ಬಸ್ಸಿನ ಅವಸರದಲ್ಲಿ ನಿನ್ನ ಪ್ರಶ್ನೆಯನ್ನು ನಾನು ತಳ್ಳಿದೆ. ಅದೂ ಒಂದು "ನೋಡೋಣ ಬಿಡಿ"ಯೇ. ತಪ್ಪಾಯಿತು. ಈ ಉತ್ತರದಲ್ಲೂ ಕೊರತೆ ಕಂಡರೆ ಭಾನುವಾರ ಎದ್ದು ನಿಂತು ಹೇಳು. ನಾನು ಕೇಳದಿದ್ದರೆ ಎರಡನೇ ಸಲ ಹೇಳು. ಮೂರನೇ ಸಲಕ್ಕೂ ಕೇಳದಿದ್ದರೆ, ದಯವಿಟ್ಟು ನಾಲ್ಕನೇ ಸಲವೂ ಹೇಳು.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.